ಹಸಿವು ತಗೊಂಡು ಬಾ

ಭೀಮಾ ನದಿಯ ದಂಡೆಯಲ್ಲಿ ಒಂದು ಚಿಕ್ಕ ಆಶ್ರಮ. ಅಲ್ಲಿಯ ಗುರು ನಿಂಬೆಕ್ಕ. ವಯಸ್ಸಾಗಿತ್ತು, ಬೆನ್ನು ಬಾಗಿತ್ತು. ಶಿಷ್ಯರೆಲ್ಲ ಅವರನ್ನು ತಾಯಿ ಎನ್ನುತ್ತಿದ್ದರು.

ಆ ಶಿಷ್ಯರಲ್ಲಿ ಅಣವೀರನೆಂಬ ತರುಣ ಚೆನ್ನಾಗಿ ಹಾಡುತ್ತಿದ್ದ. ಅವನಿಗಿದ್ದದ್ದು ಒಂದೇ ತೊಡಕು. ಹೊಳೆಯ ಮೇಲೆ ಮಂಜು ಕವಿದು ಚಳಿ ಬಿತ್ತೆಂದರೆ ಅವನ ಮನಸ್ಸು ಮುದುಡಿಕೊಳ್ಳುತ್ತಿತ್ತು.

ಆ ವರ್ಷವಂತೂ ಹಾಡೇ ನಿಂತುಹೋಯಿತು. ಬಿಸಿಲೇರಿದರೂ ಕಂಬಳಿಯಿಂದ ಹೊರಗೆ ಬರುತ್ತಿರಲಿಲ್ಲ. ಕರೆದರೆ ಬಂದು ತುತ್ತು ಬಾಯಿಗಿಟ್ಟು, ಮತ್ತೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಒಂದು ಮಧ್ಯಾಹ್ನ ತಾಯಿಯ ಮುಂದೆ ಬಂದು ಕುಳಿತ.

"ತಾಯಿ, ನನಗ ವೈರಾಗ್ಯ ಬಂದದ."

"ಹೌದೇನು? ಹ್ಯಾಂಗ ಗೊತ್ತಾತು?"

"ಮಂದಿ ಬ್ಯಾಡ, ಮಾತು ಬ್ಯಾಡ, ಯಾವುದೂ ಬ್ಯಾಡ ಅನಸ್ತದ. ಅನ್ನನೂ ಬಿಟ್ಟುಬಿಡಬೇಕಂತೀನಿ. ಹಂಗೇ ಕುಂತು ದೇಹ ಬಿಡ್ತೀನಿ. ನೀವು ಆಶೀರ್ವಾದ ಮಾಡ್ರಿ."

ತಾಯಿ ಅವನ ಮುಖ ನೋಡಿದರು. ಕಣ್ಣುಗಳು ಒಳಗೆ ಹೋಗಿದ್ದವು. ಕೈ ಹಿಡಿದು ನೋಡಿದರು. ತಣ್ಣಗಿತ್ತು.

"ನಿನಗ ಹಸಿವಾಗ್ತದೇನು, ಅಣವೀರ?"

"ಇಲ್ಲ ತಾಯಿ."

"ಹಸಿವೇ ಇಲ್ಲದವ ಅನ್ನ ಬಿಟ್ರ, ಅವ ಬಿಟ್ಟಿದ್ದೇನು?"

ಅಣವೀರ ಕೈ ಹಿಂದಕ್ಕೆಳೆದುಕೊಂಡ.

"ಮೊದಲು ಹಸಿವು ತಗೊಂಡು ಬಾ. ಬಿಡೋ ಮಾತು ಆಮ್ಯಾಲ."

"ಅದನ್ನ ಎಲ್ಲಿಂದ ತರಲಿ?"

"ನಾಳೆ ನಸುಕಿನ್ಯಾಗ ನನ್ನ ಜೋಡಿ ಬಾ."

ಮರುದಿನ ಇಬ್ಬರೂ ದಂಡೆ ಹಿಡಿದು ನಡೆದರು. ಮಂಜಿನಲ್ಲಿ ನೀರು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ತಾಯಿ ಮುಂದೆ, ಶಿಷ್ಯ ಹಿಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನಿಗೆ ಏದುಸಿರು ಬಂತು. ಒಂದು ಬಂಡೆಯ ಮೇಲೆ ಕುಸಿದು ಕುಳಿತ.

"ನನ್ನಿಂದ ಆಗೂದಿಲ್ಲ ತಾಯಿ. ಮನಸ್ಸೇ ಇಲ್ಲ."

"ಮನಸ್ಸು ಆಶ್ರಮದಾಗೇ ಮಲಗಿರಲಿ. ಕಾಲು ಅದಾವಲ್ಲ, ಅವನ್ನಷ್ಟೇ ಕರಕೊಂಡು ಬಾ."

ಅವನು ಎದ್ದ.

ಸೂರ್ಯ ಹುಟ್ಟುವ ಹೊತ್ತಿಗೆ ಬಯಲಿಗೆ ಬಂದು ಪೂರ್ವಕ್ಕೆ ಮುಖ ಮಾಡಿ ಕುಳಿತರು. ತಾಯಿ ಬುತ್ತಿ ಬಿಚ್ಚಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿ, ಬೆಣ್ಣೆ, ಹಸಿ ಮೆಂತ್ಯದ ಸೊಪ್ಪು. ಅಣವೀರ ಒಂದು ಚೂರು ಮುರಿದು ತಿಂದ.

"ರುಚಿ ಹ್ಯಾಂಗದ?"

"ಗೊತ್ತಾಗ್ಲಿಲ್ಲ ತಾಯಿ."

"ಇರಲಿ. ನಾಳೆ ಕೇಳ್ತೀನಿ."

ಮರುದಿನವೂ ಕೇಳಿದರು. ಅದರ ಮರುದಿನವೂ ಕೇಳಿದರು. ಉತ್ತರ ಅದೇ. ತಾಯಿ ಬೇಸರಪಡಲಿಲ್ಲ, ನಡಿಗೆಯನ್ನು ಮಾತ್ರ ದಿನದಿನಕ್ಕೆ ಉದ್ದ ಮಾಡಿದರು. ಬಿಸಿಲಲ್ಲಿ ಅವನ ಕೈಗೆ ಗುದ್ದಲಿ ಕೊಟ್ಟು ಮೆಂತ್ಯದ ಮಡಿ ಅಗೆಸಿದರು, ಹೊಳೆಯಿಂದ ನೀರು ಹೊರಿಸಿದರು. ಸಂಜೆ ಹೆಸರುಕಾಳಿನ ಬಿಸಿ ಕಟ್ಟು ಕುಡಿಸಿದರು.

ಒಂದು ಬೆಳಿಗ್ಗೆ, ಕೇಳುವ ಮೊದಲೇ ಅಣವೀರ ಹೇಳಿದ. "ಹಿಂಡಿಗಿ ಉಪ್ಪು ಹೆಚ್ಚಾಗ್ಯದ ತಾಯಿ."

ವಾಪಸು ಬರುವಾಗ ತಾಯಿಯ ಹೆಜ್ಜೆ ಜೋರಾಗಿತ್ತು.

ಇನ್ನೊಂದು ಬೆಳಿಗ್ಗೆ ನಡೆಯುತ್ತಿದ್ದಾಗ ಮಂಜಿನ ಮೇಲಿಂದ ಏನೋ ಕೂಗು ಕೇಳಿಸಿತು. ಅಣವೀರ ತಲೆ ಎತ್ತಿದ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಮಂಜು ಹರಿದು, ದೊಡ್ಡ ಬಾತುಗಳ ಸಾಲು ಸಾಲೇ ಹೊರಬಂತು. ಆಕಾಶದ ತುಂಬ ರೆಕ್ಕೆ. ರೆಕ್ಕೆಯ ಅಡಿಗೆ ಎಳೆಬಿಸಿಲು. ಅವು ಬೀಸಿದ ಗಾಳಿ ಅವನ ಮುಖಕ್ಕೂ ತಾಕಿದಂತಾಯಿತು.

"ಎಲ್ಲಿಂದ ಬಂದಾವ ತಾಯಿ ಇವು?"

"ಹಿಮಾಲಯದ ಆಚಿಂದ. ಆ ಬೆಟ್ಟ ದಾಟಿ ಬರ್ತಾವ. ಕತ್ತಲಾದ್ರ ಕಡಲಿ ಹೊಲದಾಗ ಮೇಯ್ತಾವ, ಬೆಳಗಾದ್ರ ನೀರಿಗೆ ಇಳೀತಾವ."

"ಇಲ್ಲಿಗ್ಯಾಕ ಬರ್ತಾವ?"

"ಅಲ್ಲಿ ಚಳಿ ಅಂತ. ಬೆಚ್ಚಗಿರೋ ಊರು ಹುಡುಕ್ಕೊಂಡು."

ಅಣವೀರ ತನ್ನ ಸುತ್ತಲಿನ ಮಂಜನ್ನು ನೋಡಿದ. ತಾನು ನಡುಗುತ್ತಿದ್ದ ಇದೇ ದಂಡೆಯನ್ನು ನೋಡಿದ.

ಹಿಂಡು ಹೊಳೆಯ ತಿರುವಿನತ್ತ ಹೊರಳಿತು. ಅವನು ಅದರ ಹಿಂದೆಯೇ ಓಡಿದ. ಯಾಕೆ ಓಡಿದನೆಂದು ಅವನಿಗೇ ಗೊತ್ತಿರಲಿಲ್ಲ. ಹೊಲದ ಬದು ಹಾರಿ, ಮರಳು ತುಳಿದು, ಬಾತುಗಳು ನೀರಿಗೆ ಇಳಿಯುವವರೆಗೂ ಓಡಿದ. ಅವು ಇಳಿದಾಗ ಹೊಳೆಗೆ ಹೊಳೆಯೇ ಎದ್ದು ಕುಳಿತಂತೆ ಕಂಡಿತು. ನೋಡುತ್ತ ಬಹಳ ಹೊತ್ತು ನಿಂತ.

ತಿರುಗಿ ಬಂದಾಗ ಅವನ ಮೈಯಿಂದ ಹಬೆ ಏಳುತ್ತಿತ್ತು.

"ತಾಯಿ, ಹಸಿವಾಗ್ಯದ."

ತಾಯಿ ಬುತ್ತಿಯನ್ನು ಅವನ ಮುಂದಿಟ್ಟರು.

"ಹಸಿವು ತಂದಿಯಲ್ಲ. ಈಗ ಹೇಳು, ಬಿಡ್ತೀಯೇನು?"

ಅವನ ಬಾಯಲ್ಲಿ ಆಗಲೇ ರೊಟ್ಟಿಯಿತ್ತು. ಅಗಿಯುತ್ತಲೇ ಅತ್ತ. ಅಳುತ್ತಲೇ ಎಲ್ಲವನ್ನೂ ಉಂಡ.

ಕೈ ತೊಳೆದುಕೊಂಡು ಬಂದು ಮೆಲ್ಲಗೆ ಕೇಳಿದ.

"ಹಂಗಾದ್ರ ನನಗ ಬಂದಿದ್ದು ವೈರಾಗ್ಯ ಅಲ್ಲೇನು?"

"ಚಳಿ."

"ಮುಂದಿನ ವರ್ಷ ಮತ್ತ ಬರ್ತದೇನು?"

"ಬರ್ತದ. ಬಂದ್ರ ನಡಿ, ಬಿಸಿಲಿಗಿ ಕೂಡು, ಹೊಟ್ಟಿ ತುಂಬ ಉಣ್ಣು. ಒಬ್ಬನೇ ಮಲಗಬ್ಯಾಡ."

"ಇದೆಲ್ಲ ನಿಮಗ ಹ್ಯಾಂಗ ಗೊತ್ತು ತಾಯಿ?"

ತಾಯಿ ಹೊಳೆಯ ಕಡೆ ನೋಡುತ್ತಿದ್ದರು.

"ನನಗೂ ಬರ್ತದಲ್ಲ. ಸಣ್ಣಾಕಿದ್ದಾಗಿಂದ, ಪ್ರತಿ ಚಳಿಗಾಲಕ್ಕ."

ಅಣವೀರ ಬೆರಗಾಗಿ ಆ ಬಾಗಿದ ಬೆನ್ನನ್ನು, ಒಡೆದ ಹಿಮ್ಮಡಿಗಳನ್ನು ನೋಡಿದ. ಇಷ್ಟು ದಿನ ನಸುಕಿನಲ್ಲಿ ತನಗಿಂತ ಮುಂದೆ ನಡೆದ ಕಾಲುಗಳು ಅವು.

"ಈ ವರ್ಷನೂ ಬಂದಿತ್ತೇನು?"

"ಈ ವರ್ಷ ಭಾಳ ಜೋರು ಬಂದಿತ್ತು. ನಿನ್ನ ಎಬ್ಬಸಬೇಕಿತ್ತಲ್ಲ, ಅದಕ್ಕ ಎದ್ದೆ."