ನುಣುಪು ತಿಳಿಯದ ಕೈ

"ದಿನವೂ ಮುಟ್ಟುವವಳಿಗೇ ತಿಳಿಯದೆ ಹೋಗುವುದು ಯಾವುದು? ಹೇಳು ನೋಡೋಣ."

ಶಿಷ್ಯ ತಲೆ ಕೆರೆದುಕೊಂಡ. ಅವನು ಕೇಳಿದ್ದು ಬೇರೆಯೇ. 'ನುಣುಪು' ಎಂಬ ಮಾತಿನ ಅರ್ಥವೇನು, ಅದು ಹುಟ್ಟಿದ್ದು ಹೇಗೆ ಎಂದು ಕೇಳಿದ್ದ. ಹಳಗನ್ನಡದಲ್ಲಿ ಅದು 'ನುಣ್ಪು' ಎಂದಿತ್ತು ಎನ್ನುವವರೆಗೆ ನಿಘಂಟು ತಿರುವಿ ಬಂದಿದ್ದ. ಅಷ್ಟಕ್ಕೇ ಮೂಗು ಎರಡಂಗುಲ ಮೇಲೇರಿತ್ತು. ಗುರುಗಳು ಉತ್ತರ ಕೊಡುವುದು ಬಿಟ್ಟು ಒಗಟು ಒಡ್ಡಿದ್ದರು.

"ಸೋತೆ ಗುರುಗಳೇ. ನೀವೇ ಹೇಳಿ."

"ಹಾಗಾದರೆ ಕೇಳು," ಎಂದು ಗುರುಗಳು ಕತೆ ತೊಡಗಿದರು.

ಒಂದೂರಿನಲ್ಲಿ ರೇಷ್ಮೆ ನೂಲು ಬಿಚ್ಚುವವಳೊಬ್ಬಳಿದ್ದಳು. ಕುದಿನೀರಿನಲ್ಲಿ ಗೂಡು ಬೇಯಿಸಿ, ಬೆರಳಿನಿಂದ ಎಳೆಯ ತುದಿ ಹುಡುಕಿ, ಚರಕಕ್ಕೆ ಹತ್ತಿಸುವುದು ಅವಳ ಕಸುಬು. ಒಳಗಿನ ಹುಳು ಗೂಡಿನಲ್ಲೇ ಬೆಂದು ಸಾಯಬೇಕು. ಕೊರೆದುಕೊಂಡು ಹೊರಬಂದರೆ ಎಳೆ ಕಡಿಯುತ್ತದೆ, ನೂಲು ಒರಟಾಗುತ್ತದೆ. ಇವಳ ನೂಲಿನಲ್ಲಿ ಒಂದು ಗಂಟೂ ಸಿಗುತ್ತಿರಲಿಲ್ಲ. ವರ್ತಕರು ಅದನ್ನು ಕೆನ್ನೆಗೆ ಒತ್ತಿ ನೋಡಿ, "ಬೆಣ್ಣೆ ಕಣಮ್ಮಾ, ಬೆಣ್ಣೆ!" ಎನ್ನುತ್ತಿದ್ದರು.

ಮೂವತ್ತು ವರ್ಷ ಬಿಸಿನೀರು ಕಂಡ ಬೆರಳುಗಳು ಮೊದಲು ಬೆಳ್ಳಗಾದವು. ಆಮೇಲೆ ಅವುಗಳ ಗೆರೆ ಅಳಿಸಿತು. ಕಡೆಗೆ ಜಡವಾದವು. ಎಳೆಯ ತುದಿಯನ್ನು ಅವಳು ಕಣ್ಣಿನಿಂದಲೇ ಹುಡುಕತೊಡಗಿದಳು. ಮಗಳಿಗೂ ಹೇಳಲಿಲ್ಲ. ಕೈ ಸತ್ತವಳನ್ನು ಒಲೆಯ ಮುಂದೆ ಯಾರು ಕೂರಿಸುತ್ತಾರೆ?

ಮಗಳು ಬಾಣಂತನಕ್ಕೆ ಬಂದಳು. ಹೆಣ್ಣುಮಗು, ಹನ್ನೊಂದು ದಿನದ್ದು. ಕೂಸಿಗೆ ನೀರು ಹಾಕುವುದು ಅಜ್ಜಿಯ ಹಕ್ಕು. ಅವಳು ಕಾಲು ಚಾಚಿ ಕೂತಳು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು, ಹಂಡೆಯಿಂದ ತೋಡಿದ ನೀರಿಗೆ ಕೈ ಅದ್ದಿದಳು. ಕೈಗೆ ಏನೂ ತಿಳಿಯಲಿಲ್ಲ.

"ಅವ್ವಾ, ಹಬೆ ಏಳ್ತಿದೆ. ಬಿಸಿ ಜಾಸ್ತಿ ಆಯ್ತೇನೋ?" ಎಂದಳು ಮಗಳು.

ಇದ್ದದ್ದನ್ನು ಹೇಳಿಬಿಡಬಹುದಿತ್ತು.

"ನೀರಿನ ಹದ ನನಗೇ ಕಲಿಸ್ತೀಯೇನೇ? ನಿನ್ನನ್ನ ಮೀಯಿಸಿದ್ದೂ ಇದೇ ಕೈ ಕಣೇ! ಉಗುರುಬೆಚ್ಚಗಿದೆ, ಸುಮ್ನಿರು."

ಮೊದಲ ಚೊಂಬು ಸುರಿದಳು. ನೀರು ಕೂಸಿನ ಮೈಮೇಲಿಂದ ಹರಿದು ತನ್ನ ತೊಡೆಗೆ ತಾಗಿದಾಗ ಅವಳಿಗೆ ಅದರ ಬಿಸಿ ತಿಳಿಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕೂಸು?" ಎಂದ ಶಿಷ್ಯ. ಅವನ ದನಿ ಇಳಿದಿತ್ತು.

"ಬದುಕಿತು. ಬಾಳೆಎಲೆಯ ಮೇಲೆ ಮಲಗಿಸಿ ನೋಡಿಕೊಂಡರು. ಎರಡು ತಿಂಗಳಿಗೆ ಬೆನ್ನಿನ ಮೇಲೆ ಹೊಸ ಚರ್ಮ ಕೂಡಿತು. ಅಜ್ಜಿ ಕೈಯನ್ನು ಹಿಂದೆ ಕಟ್ಟಿಕೊಂಡು, ಬಗ್ಗಿ, ಅದನ್ನು ತುಟಿಯಿಂದ ಮುಟ್ಟಿದಳು. 'ನುಣುಪು' ಅಂದಳು. ಅದಕ್ಕೆ ಮುಂಚೆ ಆ ಮಾತು ಯಾರ ಬಾಯಲ್ಲೂ ಇರಲಿಲ್ಲ. ಮಾತು ಹುಟ್ಟಿದ್ದು ಹಾಗೆ."

"ಅಬ್ಬಾ, ಸದ್ಯ!" ಎಂದು ಶಿಷ್ಯ ಉಸಿರು ಬಿಟ್ಟ. ನಿಘಂಟಿನಲ್ಲಿಲ್ಲದ್ದು ಸಿಕ್ಕಿತಲ್ಲ ಎಂದು ಹಿಗ್ಗಿ, ಬರೆದುಕೊಳ್ಳಲು ಲೇಖನಿ ತೆಗೆದ.

ಗುರುಗಳು ಅವನ ಕೈ ಹಿಡಿದರು.

"ಬರೆಯಬೇಡ, ನೀರು ಸುರಿದ ಮೇಲಿನದೆಲ್ಲ ನಾನು ಕಟ್ಟಿದ್ದು."