ಪಾಲಾಕ್ಷ ಹೆಡ್ಡು ಬಿಗಿದ ಕತೆ

ಹೂಂ ಅನ್ನೋರು ಹತ್ತಿರ ಕೂತ್ಕೊಳ್ಳಿ, ಆಕಳಿಸೋರು ಆಚೆ ಕೂತ್ಕೊಳ್ಳಿ. ನಡುವೆ ಎದ್ದು ಹೋದೋರಿಗೆ ಮತ್ತೆ ಮೊದಲಿಂದ ಹೇಳೋ ತಾಳ್ಮೆ ನನಗಿಲ್ಲ.

ಹಿರಿಯೂರಿನ ಬೈಪಾಸ್ ಪಕ್ಕ, ಲಾರಿ ತೂಗೋ ಜಾಗದ ಎದುರಿಗೆ, ಓಬಕ್ಕ ಅಂತ ಒಬ್ಬಳಿದ್ದಳು. ಟೀ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಪಾಲಾಕ್ಷ. ಮೈ ನೋಡಿದರೆ ಎತ್ತು, ಬುದ್ಧಿ ನೋಡಿದರೆ ಕರು. ಹೇಳಿದ ಕೆಲಸ ಮಾಡುತ್ತಿದ್ದ. ತೊಂದರೆ ಏನಪ್ಪಾ ಅಂದರೆ, ಹೇಳಿದ್ದನ್ನೇ ಮಾಡುತ್ತಿದ್ದ. ಹೂವಿನಂಗಡಿಯವರು "ನೀರು ಚಿಮುಕಿಸ್ತಾ ಇರು" ಅಂದರು. ಹೂವಿಗೂ ಚಿಮುಕಿಸಿದ, ಕೊಳ್ಳಲು ಬಂದವರಿಗೂ ಚಿಮುಕಿಸಿದ. ಗಿರಣಿಯವರು "ಚೀಲದ ಬಾಯಿ ಕಟ್ಟು" ಅಂದರು. ತುಂಬಿದ ಚೀಲವನ್ನೂ ಕಟ್ಟಿದ, ಖಾಲಿ ಚೀಲವನ್ನೂ ಕಟ್ಟಿದ. ಎಲ್ಲರೂ ಓಬಕ್ಕನಿಗೆ ಕೈಮುಗಿದು ಮಗನನ್ನು ವಾಪಸ್ಸು ಕಳಿಸಿದರು.

ಉಳಿದದ್ದು ಒಂದೇ ಬಾಗಿಲು, ದಾದಾಪೀರ್ ಮೇಸ್ತ್ರಿಯ ಗ್ಯಾರೇಜು.

"ದಾದಾಪೀರಣ್ಣ, ನಾನು ಇರೋವರೆಗೂ ಹೆಂಗೋ ನಡೀತದೆ. ನಾನು ಹೋದ ಮೇಲೆ ಇವನ ಗತಿ ಏನು? ಒಂದು ಕೆಲಸ ಅಂತ ಕಲಿಸಿಬಿಡು" ಅಂದಳು ಓಬಕ್ಕ.

ದಾದಾಪೀರ್ ಕಾಫಿ ಲೋಟ ಕೆಳಗಿಟ್ಟ. "ಒಂದು ಗಾಡಿ ಮಟ್ಟಿಗೆ ನೋಡ್ತೀನಿ ಓಬಕ್ಕ. ಇವನ ಕೈ ಬಿದ್ದ ಮೇಲೂ ಆ ಗಾಡಿ ತನ್ನ ಕಾಲ ಮೇಲೆ ಹೊರಗೆ ಹೋದರೆ ಇಟ್ಕೋತೀನಿ. ಇಲ್ಲಾಂದ್ರೆ ಬೇಜಾರು ಮಾಡ್ಕೋಬಾರದು."

ಆ ಗಾಡಿ ಯಾವುದು? ದನದ ಡಾಕ್ಟರು ನಿರಂಜನ ಅವರದ್ದು. ಹೈಬ್ರಿಡ್ ಕಾರು. ಒಂದೇ ಹೊಟ್ಟೆಯಲ್ಲಿ ಪೆಟ್ರೋಲ್ ಇಂಜಿನ್ನೂ ಉಂಟು, ಬ್ಯಾಟರಿ ಮೋಟಾರೂ ಉಂಟು. ಎಲ್ಲೋ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ದಾರಿಯಲ್ಲಿ ಕಾದು ಕಾದು ಬಿಳಿ ಹೊಗೆ ಬಿಟ್ಟು ನಿಂತಿತ್ತು. ಎಣ್ಣೆ ಅಳೆಯೋ ಕಡ್ಡಿ ಎಳೆದು ನೋಡಿದರೆ ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿತ್ತು. "ಹೆಡ್ ಗ್ಯಾಸ್ಕೆಟ್ ಹೋಗಿದೆ. ನೀರೂ ಎಣ್ಣೆನೂ ಒಂದಾಗಿವೆ. ಇಂಜಿನ್ ಪೂರ್ತಿ ಇಳಿಸಬೇಕು" ಅಂದ ದಾದಾಪೀರ್. ಮೊದಲು ದೊಡ್ಡ ಬ್ಯಾಟರಿಯ ಪ್ಲಗ್ಗು ಕಿತ್ತು ತನ್ನ ಜೇಬಿಗೇ ಹಾಕಿಕೊಂಡ. ಕರೆಂಟಿನ ವಿಷಯ, ಪಾಲಾಕ್ಷನ ಕೈಗೆ ಸಿಗಬಾರದಲ್ಲ.

"ಬೋಲ್ಟು ಬಿಚ್ಚೋ" ಅಂದ. ಪಾಲಾಕ್ಷ ಬಿಚ್ಚಿದ, ಬಿಚ್ಚಿದ್ದನ್ನು ಮಣ್ಣಿಗೆ ಎಸೆದ.

"ಅಯ್ಯೋ ಪೆದ್ದೇ, ಹಂಗೆ ಎಸೀತಾರೇನೋ? ಗಾಡಿಯಿಂದ ಏನೇ ಹೊರಗೆ ಬಂದ್ರೂ ಡೀಸೆಲ್‌ನಲ್ಲಿ ಅದ್ದಬೇಕು, ಬ್ರಶ್ ಹಾಕಿ ಉಜ್ಜಬೇಕು, ಬಿಸಿಲಿಗೆ ಒಣಗಿಸಬೇಕು."

"ಆಯ್ತು ಮೇಸ್ತ್ರಿ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ದಾದಾಪೀರ್ "ಡಾಕ್ಟರ ಸಾಮಾನು ಗಾಡಿಯಿಂದ ತೆಗೆದಿಡು" ಅಂತ ಹೇಳಿ ಟೀ ಕುಡಿಯೋಕೆ ಹೋದ. ಬಂದು ನೋಡುತ್ತಾನೆ, ಗ್ಯಾರೇಜಿನ ಮುಂದೆ ಹಗ್ಗ ಕಟ್ಟಿದೆ. ಹಗ್ಗದ ಮೇಲೆ ಡಾಕ್ಟರ ಬಿಳಿ ಕೋಟು ಡೀಸೆಲ್ ತೊಟ್ಟಿಕ್ಕುತ್ತಿದೆ. ಪಕ್ಕದಲ್ಲಿ ಕೊಡೆ, ದಿಂಬು. ಕೆಳಗೆ ಗೋಣಿಚೀಲದ ಮೇಲೆ ಡಾಕ್ಟರ ಹೆಂಡತಿ ಕೊಟ್ಟು ಕಳಿಸಿದ್ದ ಚಕ್ಕುಲಿ. ಒಂದೊಂದನ್ನೂ ಅದ್ದಿ, ಉಜ್ಜಿ, ಸಾಲಾಗಿ ಒಣಹಾಕಿದ್ದಾನೆ ಮಹಾರಾಯ.

"ಬ್ರಶ್ ಹಾಕಿದ್ರೆ ಮುರೀತಾವೆ ಮೇಸ್ತ್ರಿ, ಬೆರಳಲ್ಲೇ ಉಜ್ಜಿದೆ" ಅಂದ.

ದಾದಾಪೀರ್ ತಲೆ ಚಚ್ಚಿಕೊಂಡ. "ಬೇರೆಯವರ ವಸ್ತು ಕಣೋ ಅದು. ಒಗೆದ ಬಟ್ಟೇಲಿ ಸುತ್ತಬೇಕು. ಎಳೇ ಮಗು ಹಂಗೆ ಮಡಿಲಲ್ಲಿ ಇಟ್ಕೋಬೇಕು. ಯಾರೂ ಮುಟ್ಟದ ಹಂಗೆ ನೋಡ್ಕೋಬೇಕು."

"ಆಯ್ತು ಮೇಸ್ತ್ರಿ, ಇನ್ಮೇಲೆ ಹಂಗೇ ಮಾಡ್ತೀನಿ."

ಆಮೇಲೆ ಇಂಜಿನ್ನಿನ ಮೇಲ್ಮುಚ್ಚಳ, ಅದೇ ಹೆಡ್ಡು, ಹೊರಗೆ ಬಂತು. ಕಾದು ಕಾದು ಸೊಟ್ಟಗಾಗಿತ್ತು. "ಇದನ್ನ ಲೇತಿನ ರುದ್ರಾಚಾರಿ ಹತ್ರ ಒಯ್ದು ಕೆಲಸ ಮಾಡಿಸ್ಕೊಂಡು ಬಾ" ಅಂತ ಕಳಿಸಿದ. ಪಾಲಾಕ್ಷ ಅವ್ವನ ಹಳೇ ಸೀರೆಯಲ್ಲಿ ಹೆಡ್ಡನ್ನು ಸುತ್ತಿದ. ಲೇತಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಮಡಿಲಲ್ಲಿ ಇಟ್ಟುಕೊಂಡ. ರುದ್ರಾಚಾರಿ ಕೈ ಚಾಚಿದರೆ "ಮುಟ್ಟಬೇಡಿ" ಅಂದ. "ಮುಟ್ಟದೆ ಹೆಂಗಪ್ಪಾ ಕೆಲಸ ಮಾಡ್ಲಿ?" ಅಂದರೂ "ಮುಟ್ಟಬೇಡಿ" ಅಂದ. ಸಂಜೆವರೆಗೂ ತೂಗಿ, ತಟ್ಟಿ, ಹೋದ ಹಾಗೇ ವಾಪಸ್ಸು ತಂದ.

"ಕಬ್ಬಿಣಕ್ಕೆ ಜೋಗುಳ ಹಾಡ್ತಾರೇನೋ? ಉಬ್ಬಿದ್ದನ್ನೆಲ್ಲ ಉಜ್ಜಿಸಬೇಕು. ಸ್ಕೇಲ್ ಇಟ್ಟು ನೋಡಿದ್ರೆ ಅಡೀಲಿ ಬೆಳಕು ಕಾಣಬಾರದು. ಅಷ್ಟು ಮಟ್ಟಸ ಮಾಡಿಸಿ ತರಬೇಕು."

"ಆಯ್ತು ಮೇಸ್ತ್ರಿ, ಇನ್ಮೇಲೆ ಹಂಗೇ ಮಾಡ್ತೀನಿ."

ಹೆಡ್ಡನ್ನು ದಾದಾಪೀರನೇ ಒಯ್ದು ಮಟ್ಟ ಮಾಡಿಸಿದ. ಪಿಸ್ಟನ್‌ಗಳಿಗೆ ಹೊಸ ರಿಂಗು ಹಾಕಿ ಕೂರಿಸಿದ. ಬೆಂಗಳೂರಿನಿಂದ ಬಸ್ಸಿನಲ್ಲಿ ಗ್ಯಾಸ್ಕೆಟ್ ಬಂತು. ತೆಳ್ಳನೆ ಉಕ್ಕಿನ ಹಾಳೆ, ತೂತುಗಳ ಸುತ್ತ ಸಣ್ಣ ಉಬ್ಬು. ಅದನ್ನು ತರಲು ಪಾಲಾಕ್ಷ ಬಸ್ ಸ್ಟ್ಯಾಂಡಿಗೆ ಹೋದ. ಬಿಚ್ಚಿ ನೋಡಿದ. ಸ್ಕೇಲ್ ಇಟ್ಟ. ಅಡಿಯಲ್ಲಿ ಬೆಳಕು ಕಂಡಿತು. ಪಾಪ, ಈ ಸಲ ಬೈಸಿಕೊಳ್ಳಬಾರದು ಅಂತ ಕಾಲುವೆಯ ಕಲ್ಲಿನ ಮೇಲೆ ಕೂತು, ಬೆವರು ಸುರಿಸಿ, ಉಬ್ಬೆಲ್ಲ ಹೋಗುವ ತನಕ ಉಜ್ಜಿದ. ನಗುನಗುತ್ತಾ ತಂದು ಕೊಟ್ಟ.

ದಾದಾಪೀರ್ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಆ ಉಬ್ಬೇ ಕಣೋ ಅದರ ಪ್ರಾಣ. ಅದು ಅಮುಕಿ ಹಿಡಿದ್ರೇನೇ ನೀರು ಬೇರೆ, ಎಣ್ಣೆ ಬೇರೆ ನಿಲ್ಲೋದು." ಸಿಟ್ಟು ನೆತ್ತಿಗೇರಿ ಮೇಜಿಗೆ ಒಂದು ಗುದ್ದಿದ. ಮೇಜಿಗೆ ಏನೂ ಆಗಲಿಲ್ಲ, ಅವನ ಮಣಿಕಟ್ಟು ಊದಿಕೊಂಡಿತು. "ಮನೆಗೆ ಹೋಗು. ನಾಳೆಯಿಂದ ಬರಬೇಡ" ಅಂದ.

ಪಾಲಾಕ್ಷ ಮನೆಗೆ ಹೋದ. ಓಬಕ್ಕ ಒಲೆ ಆರಿಸಿ ಅಲ್ಲೇ ಕೂತುಬಿಟ್ಟಳು. ಹೆತ್ತ ಕರುಳು ಸುಮ್ಮನಿರುತ್ತದೆಯೇ? ಮೂರನೇ ದಿನ ಗ್ಯಾರೇಜಿಗೆ ಬಂದಳು. "ಅಣ್ಣ, ಇವನು ಬೇಕು ಅಂತ ಕೆಡಿಸಿದ್ದಲ್ಲ. ನೀನು ಹೇಳಿದ್ದನ್ನೇ ಮಾಡಿದ. ಇನ್ನೊಂದೇ ಸಲ ಹೇಳಿ ನೋಡು" ಅಂದಳು. ಕಣ್ಣೀರು ಸೆರಗಿಗೂ ನಿಲ್ಲಲಿಲ್ಲ.

ದಾದಾಪೀರ್ ತನ್ನ ಊದಿದ ಕೈ ನೋಡಿಕೊಂಡ. ಎರಡನೇ ಗ್ಯಾಸ್ಕೆಟ್ ಬಂದಿತ್ತು, ಬಿಗಿಯುವುದಕ್ಕೆ ಕೈಯೇ ಇರಲಿಲ್ಲ. "ಕಳಿಸು" ಅಂದ.

ಗ್ಯಾಸ್ಕೆಟ್ಟನ್ನು ತಾನೇ ಇಟ್ಟ. ಸ್ಪ್ಯಾನರನ್ನು ಪಾಲಾಕ್ಷನ ಕೈಗೆ ಕೊಟ್ಟ. "ನೋಡು, ನಡುವಿನ ಬೋಲ್ಟು ಮೊದಲು. ಆಮೇಲೆ ಅದರ ಎಡದ್ದು, ಆಮೇಲೆ ಬಲದ್ದು, ಹಂಗೇ ಹೊರಗೆ ಹೋಗು. ಒಂದಕ್ಕೇ ಪೂರ್ತಿ ಕೊಡಬೇಡ. ಎಲ್ಲದಕ್ಕೂ ಸ್ವಲ್ಪ, ತಿರುಗಿ ಎಲ್ಲದಕ್ಕೂ ಸ್ವಲ್ಪ, ಇನ್ನೊಂದು ಸಲ ಸ್ವಲ್ಪ. ಕೊನೆಗೆ ಒಂದೊಂದನ್ನೂ ಕಾಲು ಸುತ್ತು ತಿರುಗಿಸು. ಅದಾದ ಮೇಲೆ ಮುಟ್ಟಬಾರದು, ಅಲುಗಿದ್ರೆ ಸೋರ್ತದೆ."

"ಆಯ್ತು ಮೇಸ್ತ್ರಿ, ಹಂಗೇ ಮಾಡ್ತೀನಿ."

ಹಂಗೇ ಮಾಡಿದ. ಜಾಣನಾಗಿದ್ದರೆ ಎರಡನೇ ಸುತ್ತಿಗೇ "ಇಷ್ಟು ಸಾಕು ಬಿಡಪ್ಪ" ಅಂತ ಬೀಡಿ ಹಚ್ಚುತ್ತಿದ್ದ. ಪೆದ್ದನಿಗೆ ಸಾಕು ಅನ್ನೋದು ಎಲ್ಲಿ ಗೊತ್ತು? ಒಂದು ಕೂದಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇಂಜಿನ್ ಪೂರ್ತಿ ಕೂಡಿಸಿ, ನೀರು ಎಣ್ಣೆ ಹೊಸದು ಹಾಕಿ, ಬ್ಯಾಟರಿಯ ಪ್ಲಗ್ಗು ಸಿಕ್ಕಿಸಿದ ಮೇಲೆ ಡಾಕ್ಟರು ಬಂದು ಕೂತು ಗುಂಡಿ ಒತ್ತಿದರು. ಓಬಕ್ಕ ಬಾಗಿಲಲ್ಲಿ ಮೈಯೆಲ್ಲ ಕಿವಿಯಾಗಿ ನಿಂತಿದ್ದಳು. ಸದ್ದಿಲ್ಲ. ಗುರ್ ಅನ್ನಲಿಲ್ಲ, ಬುರ್ ಅನ್ನಲಿಲ್ಲ. "ಗಾಡೀನ ಕೊಂದೇ ಹಾಕಿದ ನನ್ನ ಮಗ" ಅಂತ ಓಬಕ್ಕ ಎದೆ ಹಿಡಿದುಕೊಂಡು ಕುಸಿದಳು. ನೋಡಿದರೆ ಆ ಸತ್ತ ಗಾಡಿ ತಣ್ಣಗೆ ಅವಳ ಮುಂದೆಯೇ ಹಾದು ರಸ್ತೆಗೆ ಇಳಿಯಿತು.

"ಮೊದಲು ಬ್ಯಾಟರಿ ಎಳೀತದೆ ಓಬಕ್ಕ, ಸದ್ದಿರಲ್ಲ. ಇಂಜಿನ್ ಆಮೇಲೆ ಏಳ್ತದೆ" ಅಂದ ದಾದಾಪೀರ್. ತಿರುವಿನಲ್ಲಿ ಇಂಜಿನ್ ಗುಂಯ್ ಅಂತ ಎದ್ದಿತು. ಓಬಕ್ಕ ಅಳುತ್ತಲೇ ನಕ್ಕಳು.

ಆದರೂ ದಾದಾಪೀರ್ ಮಾತು ಕೊಡಲಿಲ್ಲ. "ಡಾಕ್ಟರು ನಾಲ್ಕು ಹಳ್ಳಿ ಸುತ್ತಿ ಬರಲಿ, ಆಮೇಲೆ ಹೇಳ್ತೀನಿ." ಡಾಕ್ಟರು ಸುತ್ತಿ ಬಂದರು. ನೀರು ಇಳಿದಿಲ್ಲ, ಎಣ್ಣೆ ಕೆಟ್ಟಿಲ್ಲ. ಓಬಕ್ಕ ಎಲ್ಲರನ್ನೂ ಊಟಕ್ಕೆ ಕರೆದಳು. "ಊಟ ಆಗಲಿ, ಹೇಳ್ತೀನಿ" ಅಂದ ದಾದಾಪೀರ್.

ಸಾಲಾಗಿ ಎಲೆ ಹಾಕಿದರು. ನಡುವೆ ಡಾಕ್ಟರು. ಒಂದು ಪಕ್ಕ ಅವರ ಹೆಂಡತಿ, ರುದ್ರಾಚಾರಿ. ಇನ್ನೊಂದು ಪಕ್ಕ ಲಾರಿ ತೂಗೋ ತಿಪ್ಪಣ್ಣ, ಬಲತುದಿಯಲ್ಲಿ ದಾದಾಪೀರ್. ಓಬಕ್ಕ ಮಗನನ್ನು ಒಳಗೆ ಕರೆದಳು. "ಇವತ್ತು ಮರ್ಯಾದೆ ಉಳಿಸಪ್ಪ. ಗ್ಯಾರೇಜಲ್ಲಿ ಬೋಲ್ಟು ಬಿಗಿದೆಯಲ್ಲ, ಅಷ್ಟು ಅಚ್ಚುಕಟ್ಟಾಗಿ ಬಡಿಸು."

"ಆಯ್ತವ್ವ, ಹಂಗೇ ಮಾಡ್ತೀನಿ."

ಡಾಕ್ಟರಿಗೆ ಒಂದು ಚಮಚ ಅನ್ನ. ಎಡಕ್ಕೆ ಒಂದು ಚಮಚ. ಬಲಕ್ಕೆ ಒಂದು ಚಮಚ. ಆಚೆ ತುದಿಗೆ, ಈಚೆ ತುದಿಗೆ. ಮತ್ತೆ ಡಾಕ್ಟರಿಗೆ ಒಂದು ಚಮಚ. ಇದೇನು ಪದ್ಧತಿಯೋ ಅಂತ ಎಲ್ಲರೂ ಮುಖ ಮುಖ ನೋಡಿಕೊಂಡರು, ದಾದಾಪೀರ್ ಮಾತ್ರ ತಲೆ ತಗ್ಗಿಸಿ ಕೂತ. ಮೂರನೇ ಸುತ್ತೂ ಮುಗಿಯಿತು. ಪಾಲಾಕ್ಷ ಚಮಚ ಕೆಳಗಿಟ್ಟ. ಡಾಕ್ಟರ ಹಿಂದೆ ಹೋಗಿ ಎರಡೂ ಭುಜ ಹಿಡಿದ. ಕೂತಲ್ಲೇ ಕಾಲು ಸುತ್ತು ಬಲಕ್ಕೆ ತಿರುಗಿಸಿದ.

ಆಮೇಲೆ ಎಡದವರನ್ನು. ಆಮೇಲೆ ಬಲದವರನ್ನು. ಎತ್ತಿನಂಥ ಆಳು, ಯಾರ ಮಾತೂ ನಡೆಯಲಿಲ್ಲ. ಬಸ್ಸಿನಲ್ಲಿ ಕೂತ ಹಾಗೆ ಒಬ್ಬರ ಬೆನ್ನು ಒಬ್ಬರು ನೋಡುತ್ತಾ ಕೂತರು. ತುದಿಯಲ್ಲಿದ್ದ ದಾದಾಪೀರನಿಗೆ ಬರೀ ಗೋಡೆ. ಅಡುಗೆಮನೆ ಬಾಗಿಲಲ್ಲಿ ಓಬಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಇದ್ದ ಒಂದು ಬಾಗಿಲೂ ಮುಚ್ಚಿತು ಅಂತಲೇ ಅವಳ ಲೆಕ್ಕ.

ದಾದಾಪೀರನ ಬೆನ್ನು ಅಲುಗತೊಡಗಿತು. ಗೋಡೆ ನೋಡಿಕೊಂಡೇ ಹೊಟ್ಟೆ ಹಿಡಿದು ನಗುತ್ತಿದ್ದ. "ಓಬಕ್ಕ, ನಾಳೆಯಿಂದ ಇವನು ನನ್ನ ಗ್ಯಾರೇಜಿನವನು. ಹೆಡ್ಡು ಬಿಗಿಯೋದು ಇವನೇ. ಬಡಿಸೋಕೆ ಮಾತ್ರ ಎಲ್ಲಿಗೂ ಕಳಿಸಬೇಡ."

"ಹಂಗಾದ್ರೆ ನಾವಿನ್ನು ಎಲೆ ಕಡೆ ತಿರುಗಬಹುದೇನಪ್ಪಾ?" ಅಂದರು ಡಾಕ್ಟರು.

ಪಾಲಾಕ್ಷ ಅವರ ಭುಜದ ಮೇಲೆ ಕೈಯಿಟ್ಟು ಅಲ್ಲೇ ಕೂರಿಸಿದ. "ಬೇಡ ಡಾಕ್ಟ್ರೇ. ಕಾಲು ಸುತ್ತು ಆದ ಮೇಲೆ ಅಲುಗಾಡಿದ್ರೆ ಸೋರ್ತೀರಿ."