ತೊಟ್ಟಿಲ ಪಕ್ಕ ಕೂತ ರಕ್ಕಸಿ

"ಕೇಳಿರಪ್ಪೋ ಕೇಳಿ! ಹಸುಗೂಸು ರಾಜಕುಮಾರ ವೈದ್ಯಶಾಲೆಯಲ್ಲಿ ಏದುಸಿರು ಬಿಡುತ್ತಿದ್ದಾನೆ. ತೊಟ್ಟಿಲ ಪಕ್ಕ ರಕ್ಕಸಿಯೊಬ್ಬಳು ಬಂದು ಕೂತಿದ್ದಾಳೆ. ಅವಳ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ! ತಪ್ಪಿದವರನ್ನು ಗೋಣಿಚೀಲಕ್ಕೆ ತುಂಬುತ್ತಾಳೆ, ಕೊನೆಗೆ ಅವರ ತಲೆ ಅವಳಿಗೆ. ಯಾರೂ ಬಿಡಿಸದಿದ್ದರೆ ಕೂಸೂ ಅವಳಿಗೇ!"

ಮಹಾರಾಜರು ಹೀಗೆ ಡಂಗುರ ಸಾರಿಸಿದ್ದೇ ತಡ, ಊರೆಲ್ಲ ತಬ್ಬಿಬ್ಬಾಯಿತು. ಕೂಸಿಗೆ ಹುಟ್ಟಿನಿಂದಲೇ ಉಸಿರು ಕಷ್ಟ, ಸರಿ. ಆದರೆ ಅಷ್ಟು ಕಾವಲಿರುವಾಗ ಇವಳು ಒಳಗೆ ಬಂದದ್ದಾದರೂ ಹೇಗೆ? ನೋಡಲು ಬಂದವರೆಲ್ಲ ಕೂಸಿನ ಕೆನ್ನೆ ಸವರಿ, ನೆಟಿಗೆ ಮುರಿದು, ದೃಷ್ಟಿ ತೆಗೆದೇ ಹೋಗಿದ್ದರಲ್ಲ! ನನ್ನನ್ನು ಕೇಳಬೇಡಿ, ನನಗೂ ಆಗ ಏನೂ ತೋಚಲಿಲ್ಲ.

"ಬಾಗಿಲು ತೆರೆದಿದೆ, ಗಾಳಿ ಒಳಗೆ ಹೋಗುತ್ತಿದೆ. ಆದರೂ ಒಳಗಿನವನಿಗೆ ಗಾಳಿ ಸಾಲದು. ಯಾಕೆ?" ಎಂದಳು ರಕ್ಕಸಿ.

"ಶನಿಕಾಟ!" ಎಂದ ಜ್ಯೋತಿಷಿ ಅವಳ ಗೋಣಿಚೀಲಕ್ಕೆ ಬಿದ್ದ. "ಕಿಟಕಿ ಚಿಕ್ಕದು!" ಎಂದ ಸೇನಾಪತಿಯೂ ಹಿಂದೆಯೇ ಬಿದ್ದ.

ಕೂಸಿನ ಬಟ್ಟೆ ತಂದಿದ್ದ ಮಡಿವಾಳರ ಮಾಚ ಮುಂದೆ ಬಂದ. "ತಾಯೀ, ನಂಗೂ ಸರಿಯಾಗಿ ಗೊತ್ತಿಲ್ಲ. ಆದ್ರೆ ಕೂಸಿನ ಪಕ್ಕೆ ಹಂಗೆ ಒಳಕ್ಕೆಳೀತಿರೋದು ನೋಡಕ್ಕಾಗ್ತಿಲ್ಲ" ಎಂದು ತೊಟ್ಟಿಲ ಬಳಿಯಿದ್ದ ರಾಣಿಗೆ ಹೇಳಿ, ರಕ್ಕಸಿಯತ್ತ ತಿರುಗಿದ. "ಗಂಜಿ ಜಾಸ್ತಿಯಾದ ಬಟ್ಟೇಲಿ ಗಾಳಿ ಆಡಲ್ಲ. ಕೂಸಿನ ಶ್ವಾಸಕೋಶದ ಒಳಗೋಡೆನೂ ಹಂಗೇ ದಪ್ಪ ಆಗಿರ್ಬೇಕು."

"ಸರಿ. ನಿನಗೆ ಬಂದರೆ ಎರಡು ಸೀನು, ಇವನಿಗೆ ಬಂದರೆ ಸಾವು. ಅದು ಯಾರು?" ಎಂದಳು ರಕ್ಕಸಿ.

"ನೀನೇ! ನೆಗಡಿ!"

ರಕ್ಕಸಿ ಹಲ್ಲು ಕಡಿದಳು. "ಹಾಗಾದರೆ ಕಾವಲು ದಾಟಿಸಿ ನನ್ನನ್ನು ಒಳಗೆ ತಂದವರು ಯಾರು?"

ಆಸ್ಥಾನದಿಂದ ಕೆಮ್ಮುತ್ತಲೇ ಬಂದು ಕೂಸಿಗೆ ಮುತ್ತಿಡುತ್ತಿದ್ದವರನ್ನು ಎಲ್ಲರೂ ಕಂಡಿದ್ದರು. ಈಗ ಎಲ್ಲರೂ ನೆಲ ನೋಡುತ್ತಿದ್ದರು. ಸುಳ್ಳು ಹೇಳಿದರೆ ರಕ್ಕಸಿ ತಲೆ ತೆಗೆಯುತ್ತಾಳೆ, ನಿಜ ಹೇಳಿದರೆ ದೊರೆ. ಅಯ್ಯೋ, ಏನು ಮಾಡಲಿ? ಕೂಸು ಮತ್ತೆ ಏದುಸಿರು ಬಿಟ್ಟಿತು.

"ನೀವೇ, ಬುದ್ಧೀ" ಎಂದುಬಿಟ್ಟ ಮಾಚ, ಅಲ್ಲೇ ನಿಂತಿದ್ದ ರಾಜರತ್ತ ತಿರುಗಿ.

ರಾಜರ ಕೈ ಕತ್ತಿಯ ಹಿಡಿಗೆ ಹೋಯಿತು. ಅಷ್ಟರಲ್ಲಿ ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಮಗನನ್ನು ನೋಡಿ, ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೊಸಿಲು ದಾಟಿದರು. ರಕ್ಕಸಿ ಗೋಣಿ ಬಿಸಾಡಿ ಅವರ ಹಿಂದೆಯೇ ಹೊರಟಳು. ಜ್ಯೋತಿಷಿ, ಸೇನಾಪತಿ ಉರುಳಿಕೊಂಡು ಹೊರಬಂದರು.

"ಒಳಗೋಡೆ ತೆಳುವಾಗಲು ಬಹಳ ಕಾಲ ಬೇಕು" ಎಂದರು ವೈದ್ಯರು. "ಅಲ್ಲಿಯವರೆಗೆ ಕೈ ತೊಳೆಯದವರು, ಕೆಮ್ಮುವವರು ಒಳಗೆ ಬರಕೂಡದು."

ರಾಜರು ಹೊರಗಿನಿಂದಲೇ ಅರ್ಧ ರಾಜ್ಯ ಕೊಟ್ಟರು. ಮಾಚ ಕೈಮುಗಿದ. ರಾಣಿ ಕೂಸನ್ನು ಕಿಟಕಿಯ ಬಳಿ ಎತ್ತಿ ಹಿಡಿದಳು. ದೊರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅಳುತ್ತಾ ಮಗನನ್ನು ನೋಡಿದರು.